ಅಕ್ಕನ ಊರು ಎರಡನೇ ಗುಂಪು

ಬಿಸಿಲನ್ನು ಗುಂಪು ಮಾಡುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ನನ್ನ ಅತ್ತೆ ಇವತ್ತಿಗೂ ನಂಬಿಲ್ಲ. ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಕರೆಂಟ್ ಆಫೀಸಿನಲ್ಲಿ ಏನೋ ಬರೆಯೋದಂತೆ" ಎಂದು ಮಾತು ತೇಲಿಸಿಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದ ನನಗೇ ಎರಡು ಮಾತಿನಲ್ಲಿ ಹೇಳಲು ಬರುವುದಿಲ್ಲ. ಆದರೂ ಹೇಳುತ್ತೇನೆ, ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ದೇಶದ ನಕ್ಷೆಯ ಮೇಲೆಲ್ಲ ನಾವು ಚೌಕ ಎಳೆದಿದ್ದೇವೆ. ಒಂದೊಂದು ಚೌಕದಲ್ಲಿ ನಾಲ್ಕೈದು ಊರು, ಒಂದಿಷ್ಟು ಹೊಲ, ಗುಡ್ಡ ಹಿಡಿಸುತ್ತವೆ. ಆ ಚೌಕದ ಮೇಲೆ ಯಾವ ತಿಂಗಳು ಎಷ್ಟು ಬಿಸಿಲು ಬೀಳುತ್ತದೆ ಎಂದು ಉಪಗ್ರಹ ನೋಡಿ ಹೇಳುತ್ತದೆ. ಒಂದೇ ಬಗೆಯ ಬಿಸಿಲಿರುವ ಚೌಕಗಳನ್ನೆಲ್ಲ ಕಂಪ್ಯೂಟರ್ ಒಂದು ಗುಂಪಿಗೆ ಹಾಕುತ್ತದೆ. ಸಮುದ್ರದ ದಡದ ಊರೂ ಎಲ್ಲೋ ದೂರದ ಬಯಲಿನ ಊರೂ ಒಂದೇ ಗುಂಪಿಗೆ ಬೀಳಬಹುದು, ಬಿಸಿಲಿಗೆ ನೆಂಟಸ್ತನ ಗೊತ್ತಿಲ್ಲ. ಹೀಗೆ ಒಟ್ಟು ಐದು ಗುಂಪು. ಊರೂರಿಗೂ ಬೇರೆ ಬೇರೆ ಯೋಜನೆ ಹಾಕುತ್ತ ಕೂತರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲವಾದ್ದರಿಂದ ಐದು ಗುಂಪಿಗೆ ಐದು ಯೋಜನೆ. ಮೊದಲ ಎರಡು ಗುಂಪಿನವರಿಗೆ ಬಿಸಿಲು ಧಾರಾಳ. ಅವರಿಗೆ ಪ್ಯಾನೆಲ್ಲು, ಒಂದು ರಾತ್ರಿ ದಾಟಿಸುವಷ್ಟು ಬ್ಯಾಟರಿ, ಅಷ್ಟೆ. ಹಳೆಯ ಕಂಬ, ತಂತಿ ಕಿತ್ತು ಬೇರೆ ಕಡೆಗೆ ಸಾಗಿಸುತ್ತಾರೆ. ಮೂರಕ್ಕೆ ಸ್ವಲ್ಪ ದೊಡ್ಡ ಬ್ಯಾಟರಿ, ನಾಲ್ಕಕ್ಕೆ ಇನ್ನೂ ದೊಡ್ಡದು. ಐದನೇ ಗುಂಪು ಬಿಸಿಲಿನ ಮುಖ ಕಾಣದ ಬಡಪಾಯಿಗಳದು. ಅವರಿಗೆ ತಂತಿಯೂ ಉಳಿಯುತ್ತದೆ, ಇಲ್ಲದ ಕಡೆ ಹೀಗೆ ಕಿತ್ತು ತಂದ ಕಂಬ ನೆಡುತ್ತಾರೆ.

ನಮ್ಮ ಮುಖ್ಯಸ್ಥರನ್ನು ಬೆನ್ನ ಹಿಂದೆ ಸರಾಸರಿ ಸಾಹೇಬರು ಎನ್ನುತ್ತೇವೆ. ಊಟ ಹೇಗಿತ್ತು ಎಂದು ಕೇಳಿದರೂ "ಸರಾಸರಿ ನೋಡಿದರೆ ಪರವಾಗಿಲ್ಲ" ಎನ್ನುವ ಮನುಷ್ಯ. ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವುದಕ್ಕೆ ಒಬ್ಬರು ಬೇಕೆಂದು ನಾನು ಬಹಳ ಹುಡುಕಿದ್ದೇನೆ.

ಕರಡು ನಕ್ಷೆ ಮುದ್ರಣವಾಗಿ ಬಂದ ದಿನ ಅದನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿದರು. ಅದರ ಮುಂದೆ ನಿಂತವರೆಲ್ಲ ಮೊದಲು ಹುಡುಕಿದ್ದು ತಮ್ಮ ತಮ್ಮ ಊರನ್ನೇ. ಸಾಹೇಬರು ಕೂಡ ಕನ್ನಡಕ ಏರಿಸಿಕೊಂಡು ಒಂದು ಮೂಲೆಯಲ್ಲಿ ಬೆರಳಾಡಿಸುತ್ತಿದ್ದರು. ನಾನು ಅಕ್ಕನ ಊರನ್ನು ಹುಡುಕಿದೆ. ಎರಡು ಗುಡ್ಡಸಾಲಿನ ನಡುವಿನ ಕಣಿವೆ, ಅದರಲ್ಲಿ ಒಂದು ಹೊಳೆ, ಹೊಳೆಯ ಪಕ್ಕ ಊರು. ಚೌಕಕ್ಕೆ ಕಿತ್ತಳೆ ಬಣ್ಣ ಬಳಿದಿತ್ತು. ಕಿತ್ತಳೆ ಎಂದರೆ ಎರಡನೇ ಗುಂಪು.

ಮೊದಲು ನಗು ಬಂತು. ಚಳಿಗಾಲದಲ್ಲಿ ಆ ಊರಿನಲ್ಲಿ ಒಗೆದ ಬಟ್ಟೆ ಒಣಗಬೇಕಾದರೆ ಪಕ್ಕದ ಊರಿಗೆ ಕಳಿಸಬೇಕು. ಹೊಳೆಯಿಂದ ಎದ್ದ ಮಂಜು ಎರಡು ಗುಡ್ಡದ ನಡುವೆ ಸಿಕ್ಕಿಬಿದ್ದು ವಾರಗಟ್ಟಲೆ ಕದಲುವುದಿಲ್ಲ. "ನಮ್ಮೂರ ಸೂರ್ಯ ದೊಡ್ಡ ಅಧಿಕಾರಿ ಇದ್ದ ಹಾಗೆ. ಮಧ್ಯಾಹ್ನ ಬಂದು ಸಹಿ ಹಾಕಿ ಎದ್ದುಹೋಗ್ತಾನೆ" ಎಂದು ಭಾವ ಹೇಳುತ್ತಿರುತ್ತಾರೆ. ಅಂಥ ಊರಿಗೆ ಕಿತ್ತಳೆ ಬಣ್ಣ. ನಗುತ್ತಾ ನಿಂತವಳಿಗೆ ಅಕ್ಕನ ಹ್ಯಾಚರಿ ನೆನಪಾಯಿತು.

ಅಕ್ಕ, ಭಾವ ಕೋಳಿಮರಿ ಮಾಡಿ ಮಾರುತ್ತಾರೆ. ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಬೀರುವಿನಂಥ ಮೂರು ಕಾವು ಪೆಟ್ಟಿಗೆಗಳಿವೆ. ಅವುಗಳೊಳಗೆ ತಟ್ಟೆ ತಟ್ಟೆ ಮೊಟ್ಟೆ. ಕೋಳಿಯ ಹೊಟ್ಟೆಯಡಿ ಎಷ್ಟು ಬಿಸಿ ಇರುತ್ತದೋ ಅಷ್ಟು ಬಿಸಿಯನ್ನು ಮೂರು ವಾರ ಹಗಲೂ ರಾತ್ರಿ ಕರೆಂಟಿನಿಂದ ಕೊಡಬೇಕು. ಒಂದು ಗಂಟೆ ಕರೆಂಟು ಹೋದರೆ ಕಂಬಳಿ ಹೊದಿಸಿ ಕಾಪಾಡಬಹುದು. ಅರ್ಧ ದಿನ ಹೋದರೆ ಮರಿಗಳ ಕಾಲು ಸೊಟ್ಟಗಾಗುತ್ತವೆ. ಅದಕ್ಕಿಂತ ಹೆಚ್ಚಾದರೆ ಮೊಟ್ಟೆಯೊಳಗೇ ಮುಗಿಯಿತು. ಅಮ್ಮ ತೀರಿಕೊಂಡ ಮೇಲೆ ಅಕ್ಕ ನನ್ನನ್ನು ತನ್ನ ಜೊತೆ ಕರೆದುಕೊಂಡು ಹೋದಾಗ ಆ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ಚಳಿಗಾಲವೆಲ್ಲ ನನ್ನ ಓದು, ಊಟ, ಜಗಳ ಎಲ್ಲ ಅಲ್ಲೇ. ಅಕ್ಕ ಬಾಗಿಲು ತೆಗೆದ ತಕ್ಷಣ ವಾಸನೆಯಲ್ಲೇ ಹೇಳುತ್ತಿದ್ದಳು, ಯಾವ ಪೆಟ್ಟಿಗೆಯಲ್ಲಿ ಕಾವು ಹೆಚ್ಚಾಗಿದೆ ಎಂದು.

ನಾನು ಲೆಕ್ಕವನ್ನು ಬಿಚ್ಚಿ ನೋಡಿದೆ. ತಪ್ಪೇನೂ ಇರಲಿಲ್ಲ, ಅದೇ ಕಷ್ಟ. ಉಪಗ್ರಹ ಆ ಚೌಕವನ್ನು ಸರಿಯಾಗಿಯೇ ನೋಡಿದೆ. ಕಣಿವೆ ಒಂದು ಸಣ್ಣ ಸೀಳು, ಉಳಿದದ್ದೆಲ್ಲ ಬೋಳು ಗುಡ್ಡ. ಗುಡ್ಡದ ಮೇಲೆ ವರ್ಷವಿಡೀ ಬಿಸಿಲು ಸುರಿಯುತ್ತದೆ. ಅಲ್ಲಿ ನರಪಿಳ್ಳೆ ಇಲ್ಲ. ಎರಡನ್ನೂ ಕೂಡಿಸಿ ಭಾಗಿಸಿದರೆ ಎರಡನೇ ಗುಂಪು. ಜನ ಇಲ್ಲದ ಕಡೆಯ ಬಿಸಿಲನ್ನು ಜನ ಇರುವ ಕಡೆಗೆ ಹಂಚಿ, ಕಾಗದದ ಮೇಲೆ ಎಲ್ಲರನ್ನೂ ಬೆಚ್ಚಗೆ ಮಾಡಿಟ್ಟಿದ್ದೆವು.

ಸಾಹೇಬರ ಬಳಿ ಹೋಗಿ ಎಲ್ಲ ಹೇಳಿದೆ, ಅಕ್ಕನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಪೂರ್ತಿ ಕೇಳಿದರು.

"ಚೌಕ ಚಿಕ್ಕದು ಮಾಡಿ ನೋಡಿ. ಆದ್ರೆ ನಿಮ್ಮ ಅಕ್ಕನ ಊರಿಗೆ ಮಾತ್ರ ಅಲ್ಲ, ಎಲ್ಲ ಕಡೆಗೂ" ಎಂದರು.

"ಗುಂಪು ಆರು ಮಾಡಬಹುದಾ ಸರ್?"

"ಬ್ಯಾಟರಿ, ಕಂಬ ಎಲ್ಲ ಐದು ಲೆಕ್ಕದಲ್ಲಿ ಆರ್ಡರ್ ಆಗಿದೆಯಮ್ಮ. ಆರನೇದು ನನ್ನ ಕೈಲೂ ಇಲ್ಲ, ನನ್ನ ಮೇಲಿನವರ ಕೈಲೂ ಇಲ್ಲ."

ಒಂದು ವಾರ ಮನೆ ಮಠ ಮರೆತು ಕೂತೆ. ಚೌಕಗಳನ್ನು ಚಿಕ್ಕದು ಮಾಡಿದ ಕೂಡಲೇ ಅಕ್ಕನ ಕಣಿವೆ ಬೂದು ಬಣ್ಣಕ್ಕೆ ತಿರುಗಿ ಐದನೇ ಗುಂಪಿಗೆ ಬಂತು. ಕುರ್ಚಿಯಲ್ಲೇ ಕುಣಿದಾಡುವಂತಾಯಿತು. ಆಮೇಲೆ ನಕ್ಷೆಯ ಉಳಿದ ಭಾಗ ನೋಡಿದೆ. ಅಂಥ ಕಣಿವೆಗಳು ದೇಶದ ತುಂಬ ಎದ್ದು ಬಂದಿದ್ದವು. ಗುಂಪು ಐದೇ ಇರಬೇಕಾದ್ದರಿಂದ, ಅವಕ್ಕೆಲ್ಲ ಜಾಗ ಮಾಡಿಕೊಡಲು ಕಂಪ್ಯೂಟರ್ ಮೂರು ಮತ್ತು ನಾಲ್ಕನೇ ಗುಂಪನ್ನು ಒಂದು ಮಾಡಿತ್ತು. ನಾಲ್ಕನೆಯದರಲ್ಲಿದ್ದ, ಅರ್ಧ ವರ್ಷ ಮೋಡ ಕವಿದಿರುವ ದೊಡ್ಡ ಬಯಲುಸೀಮೆಗೆ ಈಗ ದೊಡ್ಡ ಬ್ಯಾಟರಿ ಇಲ್ಲ, ಮೂರನೆಯವರ ಜೊತೆ ಚಿಕ್ಕದರಲ್ಲೇ ಸುಧಾರಿಸಬೇಕು. ಅಲ್ಲಿ ಪಟ್ಟಣಗಳಿವೆ, ಆಸ್ಪತ್ರೆಗಳಿವೆ. ಕಣಿವೆಗಳ ಜನರನ್ನೆಲ್ಲ ಕೂಡಿಸಿದರೂ ಅಲ್ಲಿಯವರ ಒಂದು ಮೂಲೆಗೆ ಸಾಲುವುದಿಲ್ಲ.

ಸಾಹೇಬರು ನನ್ನ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದರು.

"ನಿಮ್ಮ ಅಕ್ಕನ ಊರು ಉಳಿಸೋಣ. ಯಾರ ಅಕ್ಕನ ಊರು ಬಿಡೋಣ, ನೀವೇ ಹೇಳಿ" ಎಂದರು.

ಹಂಗಿಸುವ ದನಿಯಲ್ಲ. ನಿಜವಾಗಿಯೂ ಕೇಳುತ್ತಿದ್ದರು. ನಾನು ಪರದೆ ಆರಿಸಿದೆ.

ನನ್ನ ಪಕ್ಕದ ಮೇಜಿನಲ್ಲಿ ನಕ್ಷೆಗೆ ಬಣ್ಣ ತುಂಬುವ ಗೆಳತಿ ಇದ್ದಾಳೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

"ಒಂದು ಚೌಕ ತಾನೇ? ಬೂದು ಮಾಡಿಬಿಡ್ತೀನಿ. ಯಾರಪ್ಪಂಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲೇ."

"ನಿನ್ನ ಮಡಿ ನಿನಗೇ ಇರ್ಲಿ. ಅಕ್ಕ ಮುಖ್ಯನೋ, ನಕ್ಷೆ ಮುಖ್ಯನೋ?"

ಅಕ್ಕನೇ ಮುಖ್ಯ, ಅದರಲ್ಲಿ ಅನುಮಾನ ಬೇಡ. ಆದರೆ ಕಂಪ್ಯೂಟರ್ ಗುಂಪು ಮಾಡಿದ ಮೇಲೆ ಮನುಷ್ಯರ ಕೈ ಸೋಕಬಾರದು ಎಂಬುದು ನಮ್ಮ ಕಚೇರಿಯ ನಿಯಮ. ಆ ನಿಯಮ ಆಕಾಶದಿಂದ ಉದುರಿದ್ದಲ್ಲ. ಹಿಂದೆ ಒಂದು ನಕ್ಷೆಯಲ್ಲಿ ದೊಡ್ಡವರ ಊರುಗಳೆಲ್ಲ ರಾತ್ರೋರಾತ್ರಿ ಬಣ್ಣ ಬದಲಾಯಿಸಿದ್ದವು. ಒಬ್ಬರ ಮಾವನ ಊರು, ಇನ್ನೊಬ್ಬರ ತೋಟದ ಮನೆ. ಬಿಸಿಲೂ ಶಿಫಾರಸಿನ ಮೇಲೆ ಬೀಳುವಂತಾಗಿತ್ತು. ಆಗ ತುಂಬಿದ ಸಭೆಯಲ್ಲಿ ಎದ್ದು ನಿಂತು, ಯಾರದೇ ಆಗಲಿ, ಒಂದು ಚೌಕವನ್ನೂ ಕೈಯಿಂದ ತಿದ್ದಕೂಡದು ಎಂದು ವಾದಿಸಿ ಗೆದ್ದವಳು ನಾನೇ. ಅವತ್ತು ಸರಿಯಾದದ್ದನ್ನೇ ಹೇಳಿದ್ದೆ. ಇವತ್ತೂ ಅದು ಸರಿಯೇ. ಅಕ್ಕನ ಒಂದು ಚೌಕ ತಿದ್ದಿದರೆ ನಾಳೆ ಬೆಳಿಗ್ಗೆ ಬಾಗಿಲ ಮುಂದೆ ಯಾರ್ಯಾರ ಮಾವಂದಿರು ಸಾಲುಗಟ್ಟುತ್ತಾರೆ ಎಂಬುದೂ ಗೊತ್ತು. ಸರಿಯಾಗಿರುವುದು ಇಷ್ಟು ಅಸಹ್ಯವಾಗಿರಬಹುದು ಎಂದು ಮಾತ್ರ ಗೊತ್ತಿರಲಿಲ್ಲ.

ಗೆಳತಿಗೆ ಬೇಡವೆಂದೆ. ಅವಳು "ಕಲ್ಲು ಕಣೇ ನೀನು" ಎಂದು ತನ್ನ ಕುರ್ಚಿ ಎಳೆದುಕೊಂಡು ಹೋದಳು. ಆ ಕಣಿವೆಯ ತಂತಿಯನ್ನು ಒಂದು ಚಳಿಗಾಲದ ಮಟ್ಟಿಗಾದರೂ ಕೀಳಬೇಡಿ ಎಂದು, ಯೋಜನೆಗೆ ಒಪ್ಪಿಗೆ ಕೊಡುವ ಮೇಲಿನ ಸಮಿತಿಗೆ ಬರೆದೆ. ಸಾಹೇಬರೂ ಸಹಿ ಹಾಕಿದರು. ಅಲ್ಲಿಂದ ಬಹಳ ಮರ್ಯಾದೆಯ ಉತ್ತರ ಬಂತು. ಆ ಕಂಬಗಳಿಗಾಗಿ ಐದನೇ ಗುಂಪಿನ ಊರುಗಳು ಕಾಯುತ್ತಿವೆ, ಅಲ್ಲಿಯೂ ಚಳಿಗಾಲ ಬರುತ್ತದೆ.

ಅಕ್ಕನಿಗೆ ಮುಖಾಮುಖಿ ಹೇಳಬೇಕೆಂದು ಊರಿಗೆ ಹೋದೆ. ಬೇಸಿಗೆಯ ಕೊನೆ, ಕಣಿವೆ ಹಸಿರಾಗಿತ್ತು, ಬಿಸಿಲೂ ಇತ್ತು. ಬಸ್ಸಿಳಿದು ಬರುವಾಗ ಹೊಲಿಗೆಯಂಗಡಿಯಾತ ಎದ್ದು ನಿಂತು, "ನಮ್ಮೂರಿಗೆ ಒಳ್ಳೇ ಗುಂಪು ಕೊಡಿಸಿದ್ದೀರಂತೆ" ಎಂದ. ಅಧಿಕಾರಿಗಳು ಆಗಲೇ ಬಂದು ಹೋಗಿದ್ದರು. ನಮ್ಮ ಹುಡುಗಿಯೇ ಕೂತು ಮಾಡಿದ ನಕ್ಷೆ ಎಂದು ಅಕ್ಕ ಬೀದಿಗೆಲ್ಲ ಹೇಳಿಕೊಂಡಿದ್ದಳು.

"ಬಾರಮ್ಮ ಬಿಸಿಲಮ್ಮ" ಎಂದರು ಭಾವ ಬಾಗಿಲಲ್ಲೇ. "ನಲವತ್ತು ವರ್ಷದಿಂದ ನಮ್ಮೂರಲ್ಲಿ ಬಿಸಿಲಿತ್ತು ಅಂತ ನಮಗೇ ಗೊತ್ತಿರಲಿಲ್ಲ ನೋಡು. ಓದಿದವರು ಬಂದು ಹೇಳಬೇಕಾಯ್ತು."

ಅಕ್ಕ ಮೊಟ್ಟೆಗಳನ್ನು ದೀಪದ ಮುಂದೆ ಹಿಡಿದು ಹಿಡಿದು ನೋಡುತ್ತಿದ್ದಳು. ಒಳಗೆ ಜೀವ ಕಟ್ಟಿದೆಯೋ ಇಲ್ಲವೋ ಎಂದು ಹಾಗೆ ನೋಡುತ್ತಾರೆ. ನಾನು ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಚೌಕ, ಗುಡ್ಡ, ಕಣಿವೆ, ಸರಾಸರಿ.

"ಸರಿ, ತಪ್ಪಾಗಿದೆ. ತಿದ್ದು ಮತ್ತೆ" ಎಂದಳು ಅಕ್ಕ, ಮೊಟ್ಟೆಯಿಂದ ಕಣ್ಣು ತೆಗೆಯದೆ.

"ತಪ್ಪಾಗಿಲ್ಲ ಅಕ್ಕ. ಅದೇ ತೊಂದರೆ."

"ನಮ್ಮೂರಲ್ಲಿ ಬಿಸಿಲಿಲ್ಲ ಅಂತ ನಿನಗೆ ಗೊತ್ತು. ಇದೆ ಅಂತ ಅದರಲ್ಲಿ ಬರೆದಿದೆ. ಅದು ತಪ್ಪಲ್ವಾ?"

"ತಿದ್ದಿದ್ರೆ ಬೇರೆ ಕಡೆಯವರ ಬ್ಯಾಟರಿ ಹೋಗತ್ತೆ. ನಮಗಿಂತ ಜಾಸ್ತಿ ಜನ ಇದ್ದಾರೆ ಅಲ್ಲಿ. ಆಸ್ಪತ್ರೆ ಇದೆ."

ಅಕ್ಕ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ನೋಡಿದಳು. ಅವಳು ನನ್ನ ಮೇಲೆ ಕೂಗಾಡಿದ್ದರೆ ನಾನೂ ಕೂಗಾಡಿ, ಇಬ್ಬರೂ ಅತ್ತು ಮುಗಿಸಬಹುದಿತ್ತು.

"ಅವರು ನಿನ್ನ ಕೇಳಿದ್ರಾ?"

"ಯಾರು?"

"ಆ ಆಸ್ಪತ್ರೆಯವರು. ತಿದ್ದಬೇಡ ಅಂತ ಬಂದು ಕೇಳಿದ್ರಾ?"

"ಇಲ್ಲ. ಅವರಿಗೆ ಇದೇನೂ ಗೊತ್ತೇ ಇಲ್ಲ."

"ನಾನು ಕೇಳ್ತಿದ್ದೀನಿ" ಎಂದಳು ಅಕ್ಕ.

ಅವಳು ಮತ್ತೊಂದು ಮೊಟ್ಟೆ ಎತ್ತಿ ದೀಪದ ಮುಂದೆ ಹಿಡಿದಳು.

ಹೊರಡುವಾಗ, ಚಳಿಗಾಲದಲ್ಲಿ ಕಾವಿಗೆ ಇಡಬೇಡಿ ಎಂದು ಭಾವನಿಗೆ ಹೇಳಿದೆ. "ಎಲ್ಲರೂ ಮರಿ ಕೇಳೋದೇ ಆಗ. ಇಲ್ಲ ಅಂದ್ರೆ ಬೇರೆ ಕಡೆ ಹೋಗ್ತಾರೆ, ಹೋದವರು ವಾಪಸ್ ಬರಲ್ಲ. ಜನರೇಟರ್ ಇದೆ, ಹೇಗೋ ದಾಟಿಸ್ತೀವಿ ಬಿಡು" ಎಂದರು. ಜನರೇಟರ್ ನನಗಿಂತ ಒಂದೆರಡು ವರ್ಷ ಚಿಕ್ಕದಿರಬಹುದು. ಒಂದು ಸಂಜೆಯ ಮಟ್ಟಿಗೆ ಸರಿ.

ಮಳೆ ಮುಗಿದ ಮೇಲೆ ಕಂಬಗಳನ್ನು ಕಿತ್ತರು. ಮಾಡಿನ ಮೇಲೆ ಪ್ಯಾನೆಲ್ಲು, ಕೋಣೆಯ ಮೂಲೆಯಲ್ಲಿ ಬ್ಯಾಟರಿ ಪೆಟ್ಟಿಗೆ ಬಂದವು. ಚಳಿಯ ಮೊದಲ ದಿನಗಳಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಅಕ್ಕ ಫೋನಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ, "ಹೂಂ, ಇದೆ ಕರೆಂಟು" ಎನ್ನುತ್ತಿದ್ದಳು. ನನಗೆ ಆಸೆ ಹುಟ್ಟಿತು. ಈ ವರ್ಷ ಮಂಜು ಕಡಿಮೆಯಾದರೂ ಆಗಬಹುದಲ್ಲ ಎಂದು ಮನೆಯಲ್ಲಿ ಗಂಡನ ಮುಂದೆ ಲೆಕ್ಕ ಒಪ್ಪಿಸುತ್ತಿದ್ದೆ. ಅವನು ಪಾಪ, ತಲೆಯಾಡಿಸುತ್ತಿದ್ದ.

ಮಂಜು ಕವಿಯಿತು ಎಂದು ಭಾವ ಫೋನ್ ಮಾಡಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ರಜೆ ಬರೆದಿಟ್ಟು ಬಸ್ಸು ಹತ್ತಿದೆ. ಹೋಗಿ ಮಾಡುವುದೇನು ಎಂದು ಗಂಡ ಕೇಳಲಿಲ್ಲ.

ನಾನು ತಲುಪಿದಾಗ ಬೆಳಗಾಗಿ ಬಹಳ ಹೊತ್ತಾಗಿತ್ತು. ಕಣಿವೆಯಲ್ಲಿ ಮಾತ್ರ ಬೆಳಗಾದ ಹಾಗೆ ಕಾಣಲಿಲ್ಲ. ಮೂರು ದಿನದಿಂದ ಪ್ಯಾನೆಲ್ಲುಗಳು ಹನಿ ತೊಟ್ಟಿಕ್ಕಿಸುತ್ತ ಸುಮ್ಮನಿದ್ದವು. ಬ್ಯಾಟರಿ ಮೊದಲ ರಾತ್ರಿಯೇ ಬರಿದಾಗಿತ್ತು. ಜನರೇಟರ್ ಎರಡು ದಿನ ಕೆಮ್ಮಿಕೊಂಡು ಓಡಿ, ಬೆಳಗಿನ ಜಾವ ನಿಂತಿತ್ತು. ಭಾವ ಮೈಯೆಲ್ಲ ಎಣ್ಣೆ ಮಾಡಿಕೊಂಡು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಅಂಗಳದ ಆಚೆ ಮನೆಗಳಿಂದ ಹೆಂಗಸರು ತಮ್ಮ ತಮ್ಮ ಹೊದಿಕೆಗಳನ್ನೇ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಯಾರೂ ನನಗೆ ಒಂದು ಮಾತು ಕೆಟ್ಟದಾಗಿ ಹೇಳಲಿಲ್ಲ. ಹೊಲಿಗೆಯಂಗಡಿಯಾತ ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡ, ತಪ್ಪು ಅವನದೇ ಎನ್ನುವ ಹಾಗೆ.

ಎರಡು ಪೆಟ್ಟಿಗೆಯಲ್ಲಿ ಎಳೆಯ ಮೊಟ್ಟೆ. ಜನರೇಟರ್ ಒಂದೇ ಪೆಟ್ಟಿಗೆಗೆ ಸಾಲುತ್ತಿದ್ದರಿಂದ ಅವು ಆಗಲೇ ಹೋಗಿಯಾಗಿದ್ದವು. ಮೂರನೆಯದರಲ್ಲಿ ಅವತ್ತೋ ಮರುದಿನವೋ ಒಡೆಯಬೇಕಾದವು. ಅಕ್ಕ ಬಾಗಿಲು ಸ್ವಲ್ಪವೇ ತೆರೆದು ನನ್ನನ್ನು ಬಗ್ಗಿಸಿದಳು. ಮೊಟ್ಟೆಗಳ ಒಳಗಿನಿಂದ ಚಿಂವ್ ಚಿಂವ್ ಎನ್ನುವ ಸದ್ದು ಕೇಳಿಸಿತು. ನೂರಾರು ಸಣ್ಣ ಸದ್ದು. ಹೊರಗೆ ಬರುವ ಮೊದಲು ಮರಿಗಳು ಚಿಪ್ಪಿನೊಳಗೇ ಹೀಗೆ ಕೂಗಿಕೊಳ್ಳುತ್ತವೆ.

"ಇವಕ್ಕೆ ಇನ್ನೂ ಸ್ವಲ್ಪ ಹೊತ್ತು ಬಿಸಿ ಸಿಕ್ಕಿದ್ರೆ ಸಾಕು" ಎಂದಳು ಅಕ್ಕ. "ಗುಡ್ಡದ ಮೇಲೆ ಬಿಸಿಲಿದೆ ಅಂದೆಯಲ್ಲ. ಈಗ ಇರತ್ತಾ?"

"ಇರತ್ತೆ."

"ಗೊತ್ತಾ?"

"ಗೊತ್ತು ಅಕ್ಕ."

ನಾವು ತಟ್ಟೆಗಳನ್ನು ಕಂಬಳಿಯಲ್ಲಿ ಸುತ್ತಿ ಭಾವನ ವ್ಯಾನಿನಲ್ಲಿ ತುಂಬಿದೆವು. ಬಿಸಿನೀರಿನ ಸೀಸೆಗಳನ್ನು ನಡುನಡುವೆ ಇಟ್ಟೆವು. ಕಾವಿನ ಕೊನೆಯಲ್ಲಿ ಮೊಟ್ಟೆಯನ್ನು ಅಲುಗಾಡಿಸಬಾರದು ಎಂದು ನನಗೆ ಚಿಕ್ಕಂದಿನಲ್ಲಿ ಕೈಗೆ ಹೊಡೆದು ಕಲಿಸಿದವಳು ಅಕ್ಕನೇ. ಈಗ ಅವಳೇ ತೊಡೆಯ ಮೇಲೆ ಒಂದು ತಟ್ಟೆ ಇಟ್ಟುಕೊಂಡು, ರಸ್ತೆಯ ಒಂದೊಂದು ಕುಳಿಗೂ ಉಸಿರು ಹಿಡಿದು ಕೂತಿದ್ದಳು. ಭಾವ ಮಂಜಿನಲ್ಲಿ ಮೂಗು ಗಾಜಿಗೆ ತಾಗಿಸಿಕೊಂಡು ನಡಿಗೆಯ ವೇಗದಲ್ಲಿ ಓಡಿಸಿದರು. ಹಿಂದಿನಿಂದ ಮೊದಮೊದಲು ಸದ್ದು ಕೇಳುತ್ತಿತ್ತು. ಅರ್ಧ ದಾರಿಯ ಮೇಲೆ ಎಂಜಿನ್ನಿನ ಸದ್ದಿನಲ್ಲಿ ಅದು ಕೇಳುತ್ತಿದೆಯೋ ಇಲ್ಲವೋ ತಿಳಿಯದಾಯಿತು.

ಕೊನೆಯ ತಿರುವು ದಾಟಿದ್ದೇ ತಡ, ಕಣ್ಣು ಕುಕ್ಕುವ ಬಿಸಿಲು. ಮೇಲೆ ನೀಲಿ ಆಕಾಶ, ಎಲ್ಲೂ ಮೋಡದ ಚೂರಿಲ್ಲ. ಕೆಳಗೆ ಕಣಿವೆಯ ತುಂಬ ಬಿಳಿ ಮಂಜು, ಅದರಡಿ ಒಂದು ಊರಿದೆ ಎಂದು ಹೇಳಿದರೂ ನಂಬುವಂತಿರಲಿಲ್ಲ. ಉಪಗ್ರಹ ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ಆದರೆ ಗಾಳಿ ಚಾಕುವಿನ ಹಾಗೆ ಕೊಯ್ಯುತ್ತಿತ್ತು. ಬಿಸಿಲು ಬೆನ್ನಿಗೆ ತಾಗುತ್ತಿತ್ತು, ಬೆರಳು ಮರಗಟ್ಟುತ್ತಿತ್ತು.

ವ್ಯಾನನ್ನು ಗಾಳಿಗೆ ಅಡ್ಡ ನಿಲ್ಲಿಸಿ, ಬಂಡೆಯ ಮೇಲೆ ಕಂಬಳಿ ಹಾಸಿ ತಟ್ಟೆಗಳನ್ನು ಇಟ್ಟೆವು. ನಾನು, ಭಾವ ಒಂದು ಹೊದಿಕೆಯನ್ನು ಗೋಡೆಯಂತೆ ಎತ್ತಿ ಹಿಡಿದೆವು. ಅಕ್ಕ ಮಂಡಿಯೂರಿ ಒಂದೊಂದೇ ಮೊಟ್ಟೆಯನ್ನು ಎತ್ತಿ ಕಿವಿಗೆ ಹಿಡಿಯತೊಡಗಿದಳು. ಕಿವಿಗೆ ಹಿಡಿಯುವಳು, ಕೇಳುವಳು, ಇಡುವಳು. ಹಾಗೇ ಒಂದು ತಟ್ಟೆ ಮುಗಿಯಿತು. ಎರಡನೆಯದು ಶುರುವಾಯಿತು.

"ನೀನು ಹೇಳಿದ್ದು ಸರಿ. ಬಿಸಿಲು ಚೆನ್ನಾಗಿದೆ" ಎಂದಳು, ನನ್ನ ಕಡೆ ತಿರುಗದೆ.

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈಯಿಂದ ಹೊದಿಕೆ ಜಾರಿತು, ಭಾವ ತಮ್ಮ ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡರು. ನಾನು ಹೋಗಿ ಅಕ್ಕನ ಪಕ್ಕದಲ್ಲಿ ಕೂತೆ. ಅವಳು ಒಂದು ಮೊಟ್ಟೆ ನನ್ನ ಕೈಗೆ ಕೊಟ್ಟಳು. ಅದರ ನೆತ್ತಿಯಲ್ಲಿ ಕೊಕ್ಕಿನಿಂದ ಕುಕ್ಕಿದ ಸಣ್ಣ ಬಿರುಕಿತ್ತು.

"ಗಾಳಿಗೆ ನನಗೆ ಸರಿಯಾಗಿ ಕೇಳಿಸ್ತಿಲ್ಲ. ನೀನು ನೋಡು."

ನಾನು ಅದನ್ನು ಕಿವಿಗೆ ಒತ್ತಿ ಹಿಡಿದೆ. ಇನ್ನೊಂದು ಕಿವಿ ಮುಚ್ಚಿಕೊಂಡೆ. ಬಹಳ ಹೊತ್ತು ಹಿಡಿದಿದ್ದೆ.

"ಕೇಳಿಸ್ತಿಲ್ಲ ಅಕ್ಕ."

ಅವಳು ಅದನ್ನು ನನ್ನಿಂದ ತೆಗೆದುಕೊಂಡು ತಟ್ಟೆಯಲ್ಲಿ ಅದರ ಜಾಗದಲ್ಲೇ ಇಟ್ಟು, ಇನ್ನೊಂದು ಕೊಟ್ಟಳು.